ಕಾಕಂಬಿ ವಾಸನೆಯ ಜಲಾಂತರ್ಗಾಮಿ

ಸ್ನಾನಕ್ಕೆ ಕೂತಾಗ ತಲೆಯ ಮೇಲೆ ಮೊದಲ ತಂಬಿಗೆ ನೀರು ಸುರಿದುಕೊಳ್ಳುವ ಮುಂಚೆ ನಾನು ಉಸಿರು ಬಿಗಿಹಿಡಿಯುತ್ತೇನೆ. ಬರೀ ಒಂದು ತಂಬಿಗೆ, ಅದೂ ಬಿಸಿನೀರು. ಆದರೂ ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ, ಎಡಗೈಯಿಂದ ಮೂಗು ಹಿಡಿದು ಬಾವಿಗೆ ಹಾರುವವನ ಹಾಗೆ ಸಿದ್ಧನಾಗುತ್ತೇನೆ. ಒಂದು ದಿನ ಬಚ್ಚಲ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಈ ಅವತಾರ ಕಂಡ ಹೆಂಡತಿ, “ಏನ್ರಿ ಇದು, ತಂಬಗಿಯಾಗ ಮುಳುಗಿ ಸಾಯ್ತೀರೇನ?” ಎಂದು ನಕ್ಕಳು. ಅರವತ್ತು ದಾಟಿದ ಮೇಲೆ ಹೊಸ ಚಟ ಹತ್ತುವುದಿಲ್ಲ, ಹಳೆಯವು ಬಿಡುವುದಿಲ್ಲ. ಈ ಚಟ ಹಚ್ಚಿದವನು ನನ್ನ ಸೋದರಮಾವ ಗುರುಪಾದ.

ಮಾಮಾ ನೌಕಾದಳದ ಜಲಾಂತರ್ಗಾಮಿಯಲ್ಲಿದ್ದ, ಅಂದರೆ ಸಬ್‌ಮರೀನಿನಲ್ಲಿ. ರಜೆಗೆ ಬಂದಾಗಲೆಲ್ಲ ಸಾವಳಗಿಯ ನಮ್ಮ ತೋಟದ ಬಾವಿಯಲ್ಲಿ ನನಗೆ ಈಜು ಕಲಿಸುವ ಹಟ ಹಿಡಿಯುತ್ತಿದ್ದ. ನಡುವಿಗೆ ಬೆಂಡು ಕಟ್ಟಿ, ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಜೋಪಾನವಾಗಿ ನೀರಿಗೆ ಬಿಡುತ್ತಿದ್ದ. ನಾನು ಹೊಡೆದ ಚೀರಾಟಕ್ಕೆ ಪಕ್ಕದ ಹೊಲದ ಎತ್ತುಗಳು ಬೆದರಿ ಹೂಡಿದ ನೇಗಿಲ ಸಮೇತ ಓಡಿದ್ದುಂಟು. “ಇಷ್ಟ ಲೆಕ್ಕ ನೋಡು ಬಸು,” ಎನ್ನುತ್ತಿದ್ದ ಮಾಮಾ, “ನೀ ನೀರಿನ ಒಳಗ ಹೋಗಬೇಕು, ನೀರು ನಿನ್ನ ಒಳಗ ಬರಬಾರದು. ನಮ್ಮ ಜಹಾಜದ ಕಾನೂನೂ ಇದ.” ಮೊದಲಿನದು ನನಗೆ ಕೊನೆಗೂ ಒಲಿಯಲಿಲ್ಲ. ಎರಡನೆಯದನ್ನು ಇವತ್ತಿಗೂ ಬಚ್ಚಲಲ್ಲಿ ಪಾಲಿಸುತ್ತಿದ್ದೇನೆ.

ಬನಹಟ್ಟಿಯ ನೇಕಾರರ ಮನೆಯ ಹುಡುಗನಿಗೆ ಸಮುದ್ರದ ನೌಕರಿ ಹೇಗೆ ಸಿಕ್ಕಿತು ಎಂದು ನೀವು ಕೇಳಬಹುದು. ನಮ್ಮ ಕಡೆ ನೀರೆಂದರೆ ಅತ್ತ ಕೃಷ್ಣಾ, ಇತ್ತ ಘಟಪ್ರಭಾ. ಅದರಾಚೆಯ ನೀರೆಲ್ಲ ಸಾಲಿಯ ಗೋಡೆಯ ನಕಾಶೆಯಲ್ಲಿ ಮಾತ್ರ. ಮಾಮಾನಿಗೆ ಆ ನೌಕರಿ ನೆರಳಿನಿಂದ ಸಿಕ್ಕಿತು. ಅವನೂ ಅವನ ಗೆಳೆಯ ಶಂಕ್ರಪ್ಪನೂ ಬೆಳಗಾವಿಗೆ ಭರ್ತಿಗೆಂದು ಹೋದದ್ದು ಭೂಸೈನ್ಯ ಸೇರುವುದಕ್ಕೆ. ಅಲ್ಲಿ ಭೂಸೈನ್ಯದ ಸರತಿ ಕೆಂಡದಂಥ ಬಿಸಿಲಲ್ಲಿ ಹನುಮಂತನ ಬಾಲವಾಗಿತ್ತು. ನೌಕಾದಳದವರ ಮೇಜು ಮಾತ್ರ ಒಂದು ಬೇವಿನ ಮರದ ಬುಡದಲ್ಲಿತ್ತು, ಮುಂದೆ ನಾಲ್ಕೇ ಜನ. ಇಬ್ಬರೂ ನೆರಳು ಕಂಡು ಅಲ್ಲಿ ನಿಂತರು. ಶಂಕ್ರಪ್ಪ ತೂಕಕ್ಕೆ ಕಡಿಮೆ ಬಿದ್ದರು. ಓಡಿಹೋಗಿ ಅರ್ಧ ಗೊನೆ ಬಾಳೆಹಣ್ಣು ತಿಂದು ಬಂದು ಮತ್ತೆ ತೂಕದ ಯಂತ್ರ ಹತ್ತಿದರು. ತೂಕ ಏರಿತು, ಆದರೆ ಹೊಟ್ಟೆ ಒಪ್ಪಲಿಲ್ಲ. ಸಾಹೇಬರ ಬೂಟಿನ ಹತ್ತಿರವೇ ಎಲ್ಲ ಹೊರಗೆ ಬಂತು. ಹೀಗಾಗಿ ಮಾಮಾ ಸಮುದ್ರಕ್ಕೆ ಹೋದ, ಶಂಕ್ರಪ್ಪ ಬನಹಟ್ಟಿಗೆ ಮರಳಿ ಪವರ್‌ಲೂಮ್ ಹಾಕಿದರು. ಈಗ ಎಂಬತ್ತರ ಹತ್ತಿರ ಬಂದಿರುವ ಅವರನ್ನು ಊರೆಲ್ಲ ಶಂಕ್ರಪ್ಪ ಕಾಕಾ ಎನ್ನುತ್ತದೆ. ಅವರ ಮನೆಯಲ್ಲಿ ಬಾಳೆಹಣ್ಣು ದೇವರ ಮುಂದೆ ಇಡುವುದಕ್ಕೆ ಮಾತ್ರ, ತಿನ್ನುವುದಕ್ಕೆ ಪೇರಲ.

ಸಬ್‌ಮರೀನು ಎಂದರೆ ಏನೆಂದು ಮನೆಯವರಿಗೆ ತಿಳಿಸಿ ಹೇಳುವುದು ಮಾಮಾನಿಗೆ ಯುದ್ಧಕ್ಕಿಂತ ದೊಡ್ಡ ಕೆಲಸವಾಗಿತ್ತು. ಅವ್ವನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ತಲೆಯ ಮೇಲೆ ಕೈಹೊತ್ತು, “ಮುಳುಗೂ ಹಡಗ ಯಾಕ ಹತ್ತಿದ್ಯೋ ಗುರ್ಯಾ, ತೇಲೂದು ಒಂದೂ ಸಿಗಲಿಲ್ಲೇನ?” ಎಂದು ಅತ್ತಳು. ಮಾಮಾ, “ಬೇ ಅವ್ವಾ, ಮುಳುಗೂದು, ಏಳೂದು, ಅದ ನಮ್ಮ ನೌಕರಿ. ನಮ್ಮ ಕುಣಿಮಗ್ಗ ಇದ್ದಂಗ ತಿಳಿ,” ಎಂದ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಅವ್ವನ ಅಪ್ಪ, ನಮ್ಮ ಮುತ್ಯಾನ ಮಗ್ಗದ ಕೋಣೆಯಲ್ಲಿ ಹಗಲೂ ಅರೆಗತ್ತಲು. ಅಲ್ಲಿ ಬೆಳೆದವರ ಕಿವಿ ಬಹಳ ಚುರುಕು. ಒಂದು ಮೊಳೆ ಸಡಿಲಾದರೂ ಸಪ್ಪಳದಲ್ಲಿ ಗೊತ್ತಾಗುತ್ತದೆ. “ಜಹಾಜದಾಗೂ ಹಂಗ. ಕಿಡಕಿ ಇಲ್ಲ, ಕಾಲ ಚಾಚಾಕ ಜಾಗಾ ಇಲ್ಲ. ಎಲ್ಲಾ ಕಿವಿ ಮ್ಯಾಲ ನಡೀತೈತಿ. ನನಗ ಮನಿ ಬಿಟ್ಟು ಬಂದಂಗ ಅನಸೂದ ಇಲ್ಲ,” ಎಂದು ಮಾಮಾ ಹೇಳಿದ ಮೇಲೆ ಆಯಿ ಸ್ವಲ್ಪ ಸಮಾಧಾನಗೊಂಡಳು. ನಾನಂತೂ ಸಾಲಿಯಲ್ಲಿ ಎದೆಯುಬ್ಬಿಸಿ, “ನಮ್ಮ ಮಾಮಾ ನೀರಾಗ ಮುಳುಗತಾನ್ರೀ” ಎಂದು ಹೇಳಿದೆ. ಮಾಸ್ತರರು ಗಾಬರಿಯಾಗಿ “ಯಾವಾಗಲೇ?” ಎಂದರು. “ದಿನಾ ರೀ” ಎಂದೆ. ವರ್ಗವೆಲ್ಲ ನಕ್ಕಿತು. ಆಮೇಲೆ ಬಹಳ ದಿನ ನನ್ನ ಹೆಸರು ಮುಳುಗ್ಯಾ ಎಂದೇ ಆಯಿತು.

ಇನ್ನು ಪಂಚಮಿಯ ವಿಷಯ. ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆ ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳ ಕಣ್ಣು ದಾರಿಯ ಮೇಲೆ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಗಲೇ ತವರಿಗೆ ಹೋಗುವುದು. ಕರೆಯದೆ ಹೋದರೆ ಮರ್ಯಾದೆಯಲ್ಲ. ಒಂದು ವರ್ಷ ಮಾಮಾನಿಗೆ ರಜೆ ಸಿಗದೆ, ಆಯಿ ಯಾರೋ ದೂರದ ಸಂಬಂಧಿಕ ಹುಡುಗನನ್ನು ಕಳಿಸಿದ್ದಳು. ಅವ್ವ ಹೋದಳು, ಆದರೆ ನಾಲ್ಕು ದಿನವೂ ಮುಖ ಗಂಟಿಕ್ಕಿಕೊಂಡೇ ಇದ್ದಳಂತೆ. ಅದು ಮಾಮಾನ ಕಿವಿಗೆ ಬಿತ್ತು. ಮರುವರ್ಷ ಏನೇನೋ ಹರಸಾಹಸ ಮಾಡಿ ರಜೆ ತೆಗೆದುಕೊಂಡು ತಾನೇ ಬಂದ. ಬಿಳಿಯ ಸಮವಸ್ತ್ರ, ತಲೆಗೆ ಬಿಳಿ ಟೊಪ್ಪಿಗೆ, ಬೂಟಿಗೆ ಮಾತ್ರ ಸಾವಳಗಿಯ ಎರೆಮಣ್ಣು. ತವರಿಗೆ ಕರೆದೊಯ್ಯುವಾಗ ಬಸ್ಸಿನಲ್ಲಿ ಅವ್ವನಿಗೆ ಹೇಳಿದ ಮಾತು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ: “ಅಕ್ಕಾ, ಮುಂದಿನ ಪಂಚಮಿಗೂ ನಾನ ಬರ್ತೇನಿ. ನಾ ಬರೂ ತನಕಾ ಬ್ಯಾರೆ ಯಾರ ಜೋಡಿನೂ ಹೋಗಬ್ಯಾಡ.” ಚೇಷ್ಟೆಗೆ ಹೇಳಿದ್ದ. ಅವ್ವ ಚೇಷ್ಟೆಗೆ ಕೇಳಲಿಲ್ಲ.

ಅದೇ ವರ್ಷ ಯುದ್ಧ ಹತ್ತಿತು. ಬನಹಟ್ಟಿಗೆ ತಂತಿ ಬಂದಾಗ ನಾನು ಆಯಿಯ ಮನೆಯಲ್ಲೇ ಇದ್ದೆ. ಮಾಮಾ ಸಮುದ್ರದಲ್ಲಿ ಕಾಣೆಯಾಗಿದ್ದಾನೆ ಎಂದು ಅಂಚೆಯವನು ಓದಿ ಹೇಳಿದ. ಮುತ್ಯಾ ಮಗ್ಗದ ಕುಣಿಯಲ್ಲಿ ಕೂತವನು ಏಳಲಾಗದೆ ಅಲ್ಲೇ ಕೂತುಬಿಟ್ಟ. ಆಯಿ ಮಾತ್ರ ಎಲ್ಲರ ಮುಖ ನೋಡಿ, “ಯಾಕ ಅಳತೀರಿ? ಮುಳುಗೂದ ಅವನ ನೌಕರಿ. ಏಳತಾನ ಬಿಡ್ರಿ,” ಎಂದಳು. ಅವಳು ಬದುಕಿರುವ ತನಕ ಆ ಮಾತು ಬದಲಿಸಲಿಲ್ಲ.

ಯುದ್ಧ ಮುಗಿದ ಮೇಲೆ ಜೋಸೆಫ್ ಎಂಬ ಮಲಯಾಳಿ ನಾವಿಕ, ಮಾಮಾನ ಸಂಗಾತಿ, ಅವನ ಟ್ರಂಕು ಹೊತ್ತು ಬನಹಟ್ಟಿಗೆ ಬಂದ. ನಡೆದದ್ದನ್ನು ಅವನು ತನ್ನ ಹಿಂದಿಯಲ್ಲಿ ಹೇಳಿದ. ಶತ್ರುಗಳ ನೀರಿನಲ್ಲಿ ಸದ್ದಿಲ್ಲದೆ ಸಾಗುತ್ತಿದ್ದಾಗ ಜಹಾಜದ ಮೇಲ್ಭಾಗದಲ್ಲಿ ಎಲ್ಲೋ ಸಣ್ಣಗೆ ಟಕಟಕ ಸದ್ದು. ಮೊದಲು ಕೇಳಿಸಿದ್ದು ಗುರುಪಾದನಿಗೆ. ಹೊರಮೈಯ ಒಂದು ತಗಡು ಸಡಿಲಾಗಿದೆ ಎಂದ. ನೀರೊಳಗೆ ಸದ್ದು ಬಹಳ ದೂರ ಹೋಗುತ್ತದೆ, ಶತ್ರುಗಳಿಗೆ ಕೇಳಿದರೆ ಎಲ್ಲರ ಕಥೆ ಮುಗಿದಂತೆ. ನಸುಕಿನಲ್ಲಿ ಜಹಾಜ ಮೇಲೆ ಬಂದಾಗ ಅವನೇ ಹಗ್ಗ ಕಟ್ಟಿಕೊಂಡು ಹೊರಗಿಳಿದ, ಅಲೆಗಳ ನಡುವೆ ಆ ತಗಡು ಬಿಗಿದ. “ಹೋ ಗಯಾ”, ಕೆಲಸ ಆಯಿತು ಎಂದು ಕೂಗಿದ್ದು ಒಳಗಿದ್ದವರಿಗೆ ಕೇಳಿತು. ಅಷ್ಟರಲ್ಲಿ ಬಂದ ಒಂದು ದೊಡ್ಡ ಅಲೆ ಹಗ್ಗವನ್ನೂ ಅವನನ್ನೂ ಸೆಳೆದುಕೊಂಡಿತು. ದೂರದಲ್ಲಿ ಶತ್ರುವಿನ ಹಡಗು ಕಂಡಿತ್ತು. ಹುಡುಕಲು ನಿಲ್ಲುವ ಹಾಗಿರಲಿಲ್ಲ. ಜಹಾಜ ಅವನನ್ನು ಬಿಟ್ಟು ಮುಳುಗಿತು. ಸದ್ದಿಲ್ಲದೆ ಸಾಗಿ ಒಳಗಿದ್ದವರನ್ನೆಲ್ಲ ಮನೆ ಮುಟ್ಟಿಸಿತು.

ಸರಕಾರ ಪದಕ ಕೊಟ್ಟಿತು. ಮುತ್ಯಾ ಜೀವನದಲ್ಲಿ ಮೊದಲ ಸಲ ದಿಲ್ಲಿಗೆ ಹೋಗಿ ಅದನ್ನು ತಂದು ಮಗ್ಗದ ಕಂಬಕ್ಕೆ ತೂಗುಹಾಕಿದ. ಜಮಖಂಡಿ, ಮುಧೋಳ, ಬೀಳಗಿಯಿಂದೆಲ್ಲ ಜನ ನೋಡಲು ಬಂದರು. ಆಯಿ ದಿನಾ ಅದಕ್ಕೆ ವಿಭೂತಿ ಹಚ್ಚಿ ಹಚ್ಚಿ, ಅದು ಪದಕವೋ ಲಿಂಗದ ಕರಡಿಗೆಯೋ ತಿಳಿಯದಂತೆ ಮಾಡಿದ್ದಳು. ಅವ್ವ ತವರಿಗೆ ಮದುವೆಗೆ ಹೋದಳು, ಸಾವಿಗೆ ಹೋದಳು, ಮುತ್ಯಾ ಮತ್ತು ಆಯಿಯನ್ನು ಮಣ್ಣು ಮಾಡಲು ಹೋದಳು. ಪಂಚಮಿಗೆ ಮಾತ್ರ ಮತ್ತೆಂದೂ ಹೋಗಲಿಲ್ಲ. ಯಾರೇ ಕರೆಯಲು ಬಂದರೂ ಚಹಾ ಕೊಟ್ಟು, ಹಬ್ಬದ ಸಿಹಿ ಉಂಡಿ ಕಟ್ಟಿಕೊಟ್ಟು ವಾಪಸು ಕಳಿಸುತ್ತಿದ್ದಳು.

ಹೀಗೆಯೇ ಐವತ್ತು ವರ್ಷ ದಾಟಿತು. ಕಳೆದ ವರ್ಷ ಶಂಕ್ರಪ್ಪ ಕಾಕಾನ ತಲೆಯೊಳಗೆ ಹುಳ ಹೊಕ್ಕಿತು. ಊರ ಚೌಕದಲ್ಲಿ ಗುರುಪಾದನ ನೆನಪಿಗೆ ಏನಾದರೂ ನಿಲ್ಲಿಸಲೇಬೇಕು. ಮೂರ್ತಿ ಮಾಡಿಸೋಣವೆಂದರೆ ಇರುವ ಒಂದೇ ಫೋಟೋದಲ್ಲಿ ಮಾಮಾ ಟೊಪ್ಪಿಗೆಯನ್ನು ಕಣ್ಣಿನ ತನಕ ಎಳೆದುಕೊಂಡಿದ್ದ. “ಹಂಗಾರ ಅವನ ಜಹಾಜನ ನಿಂದರಸೂಣು,” ಎಂದರು ಕಾಕಾ. ನಾನು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಸ್ಟೋರಿನಲ್ಲಿದ್ದು ನಿವೃತ್ತನಾದವನು. ಅಲ್ಲಿ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ತುಂಬುತ್ತಿದ್ದ ಒಂದು ಉದ್ದನೆಯ ಟಾಕಿ ಗುಜರಿಗೆ ಬಿದ್ದಿರುವುದು ನನಗೆ ಗೊತ್ತಿತ್ತು. ಅದು ಸಿಕ್ಕಿತು. ಮುಧೋಳದಲ್ಲಿ ಕಬ್ಬಿನ ಟ್ರೇಲರ್ ಕಟ್ಟುವ ದಸ್ತಗೀರ ಅದನ್ನು ಸಬ್‌ಮರೀನು ಮಾಡುವುದಾಗಿ ಒಪ್ಪಿದ.

ದಸ್ತಗೀರನ ಕೈ ಬಹಳ ಒಳ್ಳೆಯದು, ಆದರೆ ಟ್ರೇಲರಿಗೆ ಒಗ್ಗಿದ ಕೈ. ಮೂತಿ ಕೂತಿತು, ಬಾಲ ಕೂತಿತು, ಮೇಲಿನ ಗೋಪುರ ಕೂತಿತು. ನಾವು ನೋಡಲು ಹೋದ ದಿನ ಸಬ್‌ಮರೀನಿನ ಎರಡೂ ಬದಿಗೆ ಬಣ್ಣದ ಗೊಂಡೆ ಇಳಿಬಿದ್ದಿದ್ದವು. ಹಿಂಭಾಗದಲ್ಲಿ ಅವನ ಪೇಂಟರ್ ರೂಢಿಯಂತೆ, ಕಮಲದ ಹೂವಿನ ನಡುವೆ “ತಂದೆ ತಾಯಿ ಆಶೀರ್ವಾದ” ಎಂದು ಬರೆದುಬಿಟ್ಟಿದ್ದ. ಕಾಕಾ ಸಿಟ್ಟಿಗೆದ್ದರು. “ಇದು ಕಬ್ಬ ಹೇರೂದೇನಲೇ, ಯುದ್ಧಾ ಮಾಡೂದು,” ಎಂದರು. ದಸ್ತಗೀರ ತಣ್ಣಗೆ, “ಯುದ್ಧಾ ಮಾಡಾವಗೂ ಆಶೀರ್ವಾದ ಬೇಕಲ್ರಿ ಕಾಕಾ,” ಎಂದ. ಅದನ್ನು ಹಾಗೇ ಬಿಟ್ಟರು. ಬಿಡಿಸಲಾಗದ ಇನ್ನೊಂದಿತ್ತು, ಕಾಕಂಬಿ ವಾಸನೆ. ಎಷ್ಟು ಸಲ ತೊಳೆದರೂ ಬಿಸಿಲೇರಿದೊಡನೆ ಜಹಾಜ ಘಮ್ಮೆನ್ನುತ್ತಿತ್ತು, ಇರುವೆಗಳು ಶಿಸ್ತಾಗಿ ಸಾಲುಗಟ್ಟಿ ಹತ್ತುತ್ತಿದ್ದವು. ಭರ್ತಿಗೆ ಬಂದಿವೆ ಎಂದು ದಸ್ತಗೀರ ಹೇಳುತ್ತಿದ್ದ.

ಪಂಚಮಿಯ ದಿನ ಮಗ್ಗಗಳಿಗೆ ರಜೆ, ಊರೆಲ್ಲ ಬರುತ್ತದೆ ಎಂದು ಅದೇ ದಿನ ಉದ್ಘಾಟನೆ ಗೊತ್ತಾಯಿತು. ಜೋಸೆಫರನ್ನೂ ಹುಡುಕಿ ಕರೆಸಿದರು. ಶಂಕ್ರಪ್ಪ ಕಾಕಾ ಆಮಂತ್ರಣದ ಕಾರ್ಡು, ಶಾಲು, ತೆಂಗಿನಕಾಯಿ ಹಿಡಿದು ಸಾವಳಗಿಗೆ ಬಂದರು. ಅವ್ವನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಾತ್ರ ಇನ್ನೂ ಮಗ್ಗದ ಮನೆಯದೇ.

“ನೀಲಕ್ಕಾ, ನಿನ್ನ ಕೈಲೇ ಉದ್ಘಾಟನಾ. ಕಾರ್ ಕಳಸ್ತೇನಿ,” ಎಂದರು ಕಾಕಾ.

ಅವ್ವ ಕಾರ್ಡನ್ನು ಮಡಚಿ ತಟ್ಟೆಯ ಕೆಳಗಿಟ್ಟಳು. “ಶಂಕ್ರಪ್ಪಾ, ನೀವು ಮಾಡಾಕತ್ತಿದ್ದು ಭಾಳ ಛಲೋ ಕೆಲಸ. ಖರೆ ನಾ ಬರಾಂಗಿಲ್ಲ. ಪಂಚಮಿಗೆ ಕಾರ್ಡ್ ನೋಡಿ ಯಾರರ ತವರಮನಿಗೆ ಹೋಗ್ತಾರೇನ?”

“ಅವನ ಸಲುವಾಗೆ ಅಲ್ಲೇನ ಬೇ ಇದೆಲ್ಲಾ,” ಎಂದೆ ನಾನು.

“ಅವನ ಸಲುವಾಗೆ ನಾನೂ ಹೇಳೂದು. ನಾ ಬರೂ ತನಕಾ ಹೋಗಬ್ಯಾಡ ಅಂತ ಅವ ಹೇಳ್ಯಾನ. ಅವ ಬರಲಿಲ್ಲ ಅಂತ ನಾ ಮಾತ ತಪ್ಪಲೇನ?”

ಕಾಕಾ ತಮ್ಮ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವ್ವನಿಲ್ಲದ ಉದ್ಘಾಟನೆ ಅವರಿಗೂ ಬೇಡವಾಗಿತ್ತು, ನನಗೂ ಬೇಡವಾಗಿತ್ತು. ಮುಂದಿನ ಪಂಚಮಿಗೆ ಅವ್ವ ಇರುತ್ತಾಳೆ ಎಂದು ಯಾರು ಹೇಳಬೇಕು? ಈ ಸಂಕಟವನ್ನು ಮರುದಿನ ಮುಧೋಳದಲ್ಲಿ ದಸ್ತಗೀರನ ಮುಂದೆ ತೋಡಿಕೊಂಡೆವು. ಅವನು ಗೊಂಡೆ ಕಟ್ಟುತ್ತಿದ್ದವನು ತಲೆ ಎತ್ತಲೂ ಇಲ್ಲ. “ಅವರ ತಮ್ಮ ಬರದಿದ್ರ ಅವರ ತಮ್ಮನ ಜಹಾಜ ಹೋಗ್ಲಿ ಬಿಡ್ರಿ ಸಾಹೇಬ್ರ. ಹ್ಯಾಂಗೂ ಟ್ರೇಲರ್ ಮ್ಯಾಲನ ಐತಿ,” ಎಂದ. ಬನಹಟ್ಟಿಗೆ ಹೋಗಬೇಕಾದ ಜಹಾಜವನ್ನು ಹೊಳೆಯಾಚೆ ಸಾವಳಗಿಗೆ ಒಯ್ಯುವುದೆಂದರೆ ಮೂಗನ್ನು ತಲೆಯ ಹಿಂದಿನಿಂದ ಕೈ ಸುತ್ತಿ ಹಿಡಿದಂತೆ. ಆದರೂ ಕಾಕಾ ಎದ್ದು ನಿಂತರು.

ಪಂಚಮಿಯ ಹಿಂದಿನ ದಿನ ಆ ಮೆರವಣಿಗೆ ಹೊರಟಿತು. ಮುಂದೆ ಟ್ರ್ಯಾಕ್ಟರ್, ಹಿಂದೆ ಗೊಂಡೆ ಕಟ್ಟಿದ ಸಬ್‌ಮರೀನು, ಗೋಪುರದಲ್ಲಿ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆಯ ಶಂಕ್ರಪ್ಪ ಕಾಕಾ. ತೂಕ ಕಡಿಮೆ ಎಂದು ಒಮ್ಮೆ ವಾಪಸು ಕಳಿಸಿದ್ದ ಮನುಷ್ಯ ಕೊನೆಗೂ ಜಹಾಜ ಏರಿದ್ದರು. ಮುಧೋಳದಲ್ಲಿ ಅಂಗಡಿಯವರು ಎದ್ದು ನಿಂತರು. ಜಮಖಂಡಿಯಲ್ಲಿ ಬಸ್ಸುಗಳು ದಾರಿ ಬಿಟ್ಟವು. ಯಾರೋ ಹಾರ ಹಾಕಿದರು, ಯಾರೋ ಇದು ಯಾವ ಕಾರ್ಖಾನೆಯ ಬಾಯ್ಲರ್ ಎಂದು ಕೇಳಿದರು. ಶ್ರಾವಣದಲ್ಲಿ ಕೃಷ್ಣಾ ತುಂಬಿ ಹರಿಯುತ್ತಿದ್ದಳು. ನಮ್ಮ ಜಹಾಜ ಹೊಳೆಯನ್ನು ಸೇತುವೆಯ ಮೇಲಿನಿಂದ, ಒಂದು ಹನಿ ನೀರು ಮುಟ್ಟದೆ ದಾಟಿತು.

ಇದೆಲ್ಲ ಆಮೇಲೆ ಕಾಕಾ ಹೇಳಿದ್ದು. ನಾನು ಸಾವಳಗಿಯಲ್ಲಿ ಅವ್ವನ ಜೊತೆಗಿದ್ದೆ, ಅವಳಿಗೆ ಏನೂ ಹೇಳಿರಲಿಲ್ಲ. ಟ್ರ್ಯಾಕ್ಟರಿನ ಸದ್ದಿಗೆ ಅವಳೇ ಬಾಗಿಲಿಗೆ ಬಂದಳು. ಜಹಾಜ ಮನೆಯ ಮುಂದೆ ಬಂದು ನಿಂತಿತು. ಕಾಕಾ ಗೋಪುರದಿಂದ ಕಷ್ಟಪಟ್ಟು ಇಳಿದು, ಕುಬಸದ ಬಟ್ಟೆ, ಕೊಬ್ಬರಿ ಬಟ್ಟಲು ಇದ್ದ ತಟ್ಟೆ ಹಿಡಿದು, “ನೀಲಕ್ಕಾ, ಕರಿಯಾಕ ಬಂದೇವಿ,” ಎಂದರು.

ಅವ್ವ ತಟ್ಟೆಯ ಕಡೆ ನೋಡಲಿಲ್ಲ. ಮೆಟ್ಟಿಲಿಳಿದು ಜಹಾಜದ ಹತ್ತಿರ ಹೋಗಿ, ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಕಬ್ಬಿಣ ಕಾದಿತ್ತು. ಕೈ ತೆಗೆಯಲಿಲ್ಲ. “ಅವನ್ನ ಬಿಟ್ಟ ಬಂದ್ಯಲ್ಲ,” ಎಂದಳು, ಜಹಾಜಕ್ಕೆ. ದಸ್ತಗೀರ ಟ್ರ್ಯಾಕ್ಟರ್ ಬಂದ್ ಮಾಡಿದ. ಆಮೇಲೆ ಅವ್ವ, “ಇರ್ಲಿ. ನೀನರ ಬಂದಿ,” ಎಂದಳು. ಒಳಗೆ ಹೋಗಿ ಕೊಡ ತಂದು, ತವರಿನಿಂದ ಬಂದವರ ಕಾಲಿಗೆ ನೀರು ಕೊಡುವ ರೂಢಿಯಂತೆ ಟ್ರೇಲರಿನ ಒಂದೊಂದೇ ಗಾಲಿಗೆ ನೀರು ಸುರಿದಳು. ನಾನು ಆ ಕಡೆ ಮುಖ ತಿರುಗಿಸಿ ಅತ್ತೆ. ಅಳುವಾಗ ಯಾರೂ ನೋಡಬಾರದೆಂದು ತಿರುಗಿದರೆ ಆ ಕಡೆ ದಸ್ತಗೀರನೂ ಅಳುತ್ತಿದ್ದ.

ಕಾರು ಬೇಡವೆಂದಳು. ಟ್ರೇಲರಿನ ಮೇಲೆ ಜಹಾಜದ ಮುಂದೆ ಕುರ್ಚಿ ಬಿಗಿಸಿ, ಅವಳನ್ನು ಕೂಡಿಸಿ, ನಾನು ಪಕ್ಕದಲ್ಲಿ ಹಿಡಿದುಕೊಂಡು ಕೂತೆ. ಊರೂರಲ್ಲಿ ಹೆಣ್ಣುಮಕ್ಕಳು ಆರತಿ ತಂದರು. ಜಮಖಂಡಿ ದಾಟಿ ಬನಹಟ್ಟಿಗೆ ಬರುವಷ್ಟರಲ್ಲಿ ಇರುವೆಗಳು ಅವ್ವನ ಸೆರಗಿನವರೆಗೂ ಬಂದಿದ್ದವು. ಅವಳು ಕೊಡವಿಕೊಳ್ಳಲೂ ಇಲ್ಲ.

ಮರುದಿನ ಬೆಳಿಗ್ಗೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ರೇನಿನಿಂದ ಜಹಾಜವನ್ನು ಕಟ್ಟೆಯ ಮೇಲೆ ಕೂಡಿಸಿದ್ದರು. ರಿಬ್ಬನ್ ಕತ್ತರಿಸಲು ಕತ್ತರಿ ಕೊಟ್ಟರೆ ಅವ್ವ ಹಾಲಿನ ಗಿಂಡಿ ಕೇಳಿದಳು. ಪಂಚಮಿಯಂದು ಹಾಲೆರೆಯುವಾಗ ನಮ್ಮಲ್ಲಿ ಇದು ಇಂಥವರ ಪಾಲು ಎಂದು ಮನೆಯ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಾರೆ. ನಮ್ಮ ಮನೆಯಲ್ಲಿ ಬದುಕಿರುವವರ ಹೆಸರು ಮಾತ್ರ. ಅವ್ವ ಜಹಾಜದ ಮೂತಿಗೆ ಹಾಲೆರೆಯುತ್ತ ನನ್ನ ಪಾಲು ಹೇಳಿದಳು, ನನ್ನ ಹೆಂಡತಿಯ ಪಾಲು, ಶಂಕ್ರಪ್ಪನ ಪಾಲು, ದಸ್ತಗೀರನ ಪಾಲು. ಆಮೇಲೆ ಎರೆಯುವುದನ್ನು ನಿಲ್ಲಿಸಿದಳು. ತಮ್ಮನ ಹೆಸರು ಹೇಳುತ್ತಾಳೋ ಬಿಡುತ್ತಾಳೋ ಎಂದು ನಾನು ಅವಳ ಬಾಯನ್ನೇ ನೋಡಿದೆ.

ಅವಳು ಕೋಲೂರಿ ನಿಂತಿದ್ದ ಜೋಸೆಫರ ಕಡೆ ತಿರುಗಿದಳು. “ಇವರಿಗೆ ಮಕ್ಕಳೆಷ್ಟ ಮಂದಿ ಕೇಳು. ಹೆಸರ ಹೇಳು ಅನ್ನು.” ನಾನು ಕೇಳಿದೆ. ಆ ಮುದುಕರು ಮಕ್ಕಳ ಹೆಸರು ಹೇಳಿದರು, ಮೊಮ್ಮಕ್ಕಳ ಹೆಸರು ಹೇಳಿದರು, ಮೊನ್ನೆ ಹುಟ್ಟಿದ ಮರಿಮಗಳ ಹೆಸರೂ ಹೇಳಿದರು. ಅವ್ವ ನಾಲಗೆ ಹೊರಳದ ಆ ಕೇರಳದ ಹೆಸರುಗಳನ್ನು ತನಗೆ ಬಂದ ಹಾಗೆ ಹೇಳುತ್ತ ಒಬ್ಬೊಬ್ಬರ ಪಾಲೂ ಎರೆದಳು. ಗಿಂಡಿಯಲ್ಲಿ ಉಳಿದ ಹಾಲನ್ನು ಒಮ್ಮೆಲೆ ಸುರಿದು, ಜನರ ಕಡೆ ತಿರುಗಿ, “ಇವರೆಲ್ಲಾರೂ ನನ್ನ ತಮ್ಮನ ಪಾಲು,” ಎಂದಳು. ಜೋಸೆಫರು ಕೋಲು ಬಿಟ್ಟು ನೆಟ್ಟಗೆ ನಿಂತು ಅವಳಿಗೆ ಸೆಲ್ಯೂಟ್ ಹೊಡೆದರು. ಆಮೇಲೆ ಬನಹಟ್ಟಿಯ ಚೌಕದಲ್ಲಿ ಎದ್ದ ಜಯಘೋಷ ಬೀಳಗಿಯ ತನಕ ಕೇಳಿರಬೇಕು ಎಂದು ಶಂಕ್ರಪ್ಪ ಕಾಕಾ ಈಗಲೂ ವಾದಿಸುತ್ತಾರೆ.

ಕಾರ್ಯಕ್ರಮ ಮುಗಿದ ಮೇಲೆ, ಅವ್ವ ದಣಿದಿದ್ದಾಳೆ ಎಂದು ನಾನು ಕಾರು ತರಿಸಿದೆ. ಅವಳು ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಪಂಚಮಿಗೆ ಕರಕೊಂಡ ಬಂದ ಹೆಣ್ಣಮಗಳನ್ನ ಅವತ್ತ ಕಳಸ್ತೀರೇನಲೇ?” ಎಂದು ಬೈದು ತವರಿನ ಓಣಿ ಹಿಡಿದಳು. ಆ ಮನೆಯಲ್ಲಿ ಈಗ ಮುತ್ಯಾನ ತಮ್ಮನ ಮೊಮ್ಮಕ್ಕಳಿದ್ದಾರೆ. ಅಲ್ಲಿ ನಾಲ್ಕು ದಿನ ಉಳಿದಳು, ಉಂಡಿ ತಿಂದಳು, ಬೇಡವೆಂದರೂ ಕೇಳದೆ ಜೋಕಾಲಿ ಹತ್ತಿ ಕೂತಳಂತೆ.

ವಾಪಸು ಕರೆತರುವಾಗ ಕಾರಿನಲ್ಲಿ, ಕೃಷ್ಣಾ ಸೇತುವೆಯ ಮೇಲೆ, ಅವಳು ತಾನಾಗಿಯೇ ಮಾತು ತೆಗೆದಳು. “ಬಸು, ಮುಂದಿನ ಪಂಚಮಿಗೆ ಯಾರ ಕರಿಯಾಕ ಬಂದ್ರೂ ಹೋಗ್ತೇನಿ. ಅವ ಬಂದ ಹೋದನಲ್ಲ.”